‘ಡು ನಾಟ್ ವ್ಯಾಲಿಡೇಟ್’ ಒತ್ತುವ ಮುಂಚೆ

ಪ್ರತಿ ವರ್ಷ ಫಸ್ಟ್ ಇಯರ್ ಬ್ಯಾಚ್ ಹಾಸ್ಟೆಲ್ಲಿಗೆ ಬಂದ ವಾರ ವಿಂಗ್‌ನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಮೆಸೇಜು ಓಡಾಡುತ್ತೆ. ಯಾವ ಬ್ಯಾಚಿನ ಯಾವ ಪುಣ್ಯಾತ್ಮ ಬರೆದನೋ ಗೊತ್ತಿಲ್ಲ, ಸೀನಿಯರ್‌ನಿಂದ ಜೂನಿಯರ್‌ಗೆ ಪಿತ್ರಾರ್ಜಿತ ಆಸ್ತಿಯ ಹಾಗೆ ಇಳಿದು ಬಂದಿದೆ. ‘ಇಎಪಿ ಮೆಥಡ್: ಪೀಪ್. ಫೇಸ್ 2: ಎಂಎಸ್‌ಚಾಪ್ ವಿ2. ಸಿಎ ಸರ್ಟಿಫಿಕೇಟ್: ಡು ನಾಟ್ ವ್ಯಾಲಿಡೇಟ್. ಐಡೆಂಟಿಟಿ: ನಿನ್ನ ಯುಎಸ್‌ಎನ್. ಪಾಸ್‌ವರ್ಡ್: ಕಾಲೇಜ್ ಮೇಲ್‌ದೇ.’

ಹೀಗೆ ಹಾಕಿದರೆ ನೆಟ್ ಬರುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಐದು ಸಾಲಲ್ಲಿ ಮೂರನೆಯದು ನಮ್ಮ ಕೈಯಾರೆ ಬಾಗಿಲಿನ ಚಿಲಕ ತೆಗೆಸುತ್ತೆ. ಐದನೇ ಸಾಲನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡಿ. ವೈ-ಫೈ ಪಾಸ್‌ವರ್ಡೇ ಕಾಲೇಜ್ ಮೇಲ್‌ನ ಪಾಸ್‌ವರ್ಡ್. ಅಂದರೆ ಇಂಟರ್ನಲ್ಸ್ ಮಾರ್ಕ್ಸು, ಫೀಸ್ ರಸೀದಿ, ಪ್ಲೇಸ್‌ಮೆಂಟ್ ಸೆಲ್‌ನ ಮೇಲ್, ಕೊನೆಗೆ ಆಫರ್ ಲೆಟರ್, ಎಲ್ಲಾ ಆ ಒಂದು ಪಾಸ್‌ವರ್ಡಿನ ಹಿಂದೆ ಕೂತಿವೆ. ವೈ-ಫೈಯಲ್ಲಿ ಯಾರೋ ಅದನ್ನು ಎತ್ತಿಕೊಂಡರೆ ಹೋಗುವುದು ನಾಲ್ಕು ಜಿಬಿ ಡೇಟಾ ಅಲ್ಲ.

ಹಾಗಾಗಿ ಈ ಲೇಖನದಲ್ಲಿ ಲ್ಯಾಪ್‌ಟಾಪನ್ನು ಹಾಸ್ಟೆಲ್ ನೆಟ್‌ವರ್ಕಿಗೆ ಸೇರಿಸುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಂಪ್ಯೂಟರ್ ಸೈನ್ಸ್‌ನವರಿಗೆ ಐದನೇ ಸೆಮ್ಮಿನ ನೆಟ್‌ವರ್ಕ್ಸ್ ಪೇಪರಿಗೂ ಉಪಯೋಗ. ಸಿವಿಲ್, ಮೆಕ್ಯಾನಿಕಲ್‌ನವರು ಹೆದರಬೇಡಿ, ಸೂತ್ರ ಏನೂ ಇಲ್ಲ.

ಮನೆಯ ವೈ-ಫೈ, ಹಾಸ್ಟೆಲ್ ವೈ-ಫೈ

ಮನೆಯಲ್ಲಿ ಅಥವಾ ಪಿಜಿಯಲ್ಲಿ ರೂಟರಿಗೆ ಒಂದೇ ಪಾಸ್‌ವರ್ಡ್, ಎಲ್ಲರಿಗೂ ಅದೇ. ಡಬ್ಲ್ಯೂಪಿಎ2 ಪರ್ಸನಲ್ ಅಂತ ಇದರ ಹೆಸರು. ನಿಮ್ಮ ಲ್ಯಾಪ್‌ಟಾಪ್ ರೂಟರಿಗೆ ಸೇರುವಾಗ ಇಬ್ಬರ ನಡುವೆ ನಾಲ್ಕು ಸಂದೇಶಗಳ ಹ್ಯಾಂಡ್‌ಶೇಕ್ ಆಗಿ, ಆ ಸೆಷನ್ನಿಗೆ ಒಂದು ಕೀ ತಯಾರಾಗುತ್ತೆ. ಆದರೆ ಆ ಕೀಗೆ ಬೇಕಾದ ಸಾಮಾನು ಏನು? ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್, ನೆಟ್‌ವರ್ಕಿನ ಹೆಸರು, ಮತ್ತು ಗಾಳಿಯಲ್ಲಿ ಬಹಿರಂಗವಾಗಿ ಹೋಗುವ ಕೆಲವು ಸಂಖ್ಯೆಗಳು. ಅಂದರೆ ಪಿಜಿಯಲ್ಲಿ ಪಾಸ್‌ವರ್ಡ್ ಗೊತ್ತಿರುವ ನಲವತ್ತು ಜನರಲ್ಲಿ ಯಾರೇ ಆಗಲಿ ನಿಮ್ಮ ಹ್ಯಾಂಡ್‌ಶೇಕನ್ನು ಹಿಡಿದುಕೊಂಡರೆ ನಿಮ್ಮ ಕೀಯನ್ನು ತಾನೇ ಲೆಕ್ಕ ಹಾಕಿ ತೆಗೆಯಬಹುದು. 2018ರಲ್ಲಿ ಬಂದ ಡಬ್ಲ್ಯೂಪಿಎ3 ಈ ತೂತು ಮುಚ್ಚಿತು, ಆದರೆ ಹಳೇ ರೂಟರುಗಳು ಇನ್ನೂ ಎಲ್ಲ ಕಡೆ ಇವೆ.

ಕ್ಯಾಂಪಸ್ಸಿನಲ್ಲಿ ಸಾವಿರಾರು ಹುಡುಗರಿಗೆ ಒಂದೇ ಪಾಸ್‌ವರ್ಡ್ ಕೊಟ್ಟರೆ ನಡೆಯಲ್ಲ. ಅದಕ್ಕೇ ಡಬ್ಲ್ಯೂಪಿಎ2 ಎಂಟರ್‌ಪ್ರೈಸ್. ಇದರ ಕೆಳಗೆ ಕೆಲಸ ಮಾಡುವುದು 802.1ಎಕ್ಸ್ ಅನ್ನೋ ಪ್ರೋಟೋಕಾಲ್. ಇಲ್ಲಿ ಮೂರು ಪಾತ್ರ. ಒಂದು ನಿಮ್ಮ ಲ್ಯಾಪ್‌ಟಾಪ್, ಎರಡು ಕಾರಿಡಾರಿನ ಸೀಲಿಂಗಿಗೆ ಅಂಟಿಕೊಂಡಿರುವ ಆಕ್ಸೆಸ್ ಪಾಯಿಂಟ್, ಮೂರು ಎಲ್ಲೋ ಸರ್ವರ್ ರೂಮಿನಲ್ಲಿರುವ ರೇಡಿಯಸ್ ಸರ್ವರ್. ಆಕ್ಸೆಸ್ ಪಾಯಿಂಟ್ ಗೇಟಿನ ಸೆಕ್ಯುರಿಟಿ ಅಣ್ಣನ ಹಾಗೆ: ಒಳಗೆ ಬಿಡೋ ಅಧಿಕಾರ ತನ್ನದಲ್ಲ, ಒಳಗೆ ಫೋನ್ ಮಾಡಿ ಕೇಳ್ತಾನೆ, ವಾರ್ಡನ್ ಹೂಂ ಅಂದ್ರೆ ಬಿಡ್ತಾನೆ. ಅಲ್ಲಿಯವರೆಗೆ ಲಾಗಿನ್ ಮಾತುಕತೆ ಬಿಟ್ಟು ಬೇರೆ ಯಾವ ಪ್ಯಾಕೆಟ್ಟೂ ಒಳಗೆ ಹೋಗಲ್ಲ. ರೇಡಿಯಸ್ ಒಪ್ಪಿದ ಮೇಲೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೀ. ರೂಮ್‌ಮೇಟ್‌ನ ಕೀಗೂ ನಿಮ್ಮದಕ್ಕೂ ಸಂಬಂಧವೇ ಇಲ್ಲ.

ಇಷ್ಟು ಚೆನ್ನಾಗಿರೋ ವ್ಯವಸ್ಥೆಯಲ್ಲಿ ತೊಂದರೆ ಎಲ್ಲಿ ಬಂತು?

ಅದೇ ಹೆಸರಿನ ಇನ್ನೊಬ್ಬ

ವೈ-ಫೈ ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ನಿಮ್ಮ ಹಾಸ್ಟೆಲ್ ನೆಟ್‌ವರ್ಕಿನ ಹೆಸರನ್ನೇ ಇಟ್ಟು ಒಬ್ಬ ತನ್ನ ಲ್ಯಾಪ್‌ಟಾಪಿನಿಂದ ಸಿಗ್ನಲ್ ಬಿಟ್ಟರೆ, ಹತ್ತಿರದಲ್ಲಿರುವವರ ಫೋನು, ಲ್ಯಾಪ್‌ಟಾಪು ಅದಕ್ಕೇ ಹೋಗಿ ಅಂಟಿಕೊಳ್ಳೋ ಸಾಧ್ಯತೆ ಇದೆ. ಈವಿಲ್ ಟ್ವಿನ್ ಅಂತಾರೆ. ಅವನ ಹಿಂದೆ ಅವನದೇ ನಕಲಿ ರೇಡಿಯಸ್ ಸರ್ವರ್ ಇರುತ್ತೆ. ಇದಕ್ಕೆ ಬೇಕಾದ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ, ದೊಡ್ಡ ಪಾಂಡಿತ್ಯವೇನೂ ಬೇಡ.

ಇದನ್ನು ತಡೆಯೋಕೆ ಅಂತಲೇ ಪೀಪ್‌ನಲ್ಲಿ ಸರ್ಟಿಫಿಕೇಟ್ ಇಟ್ಟಿರೋದು. ಕ್ರಮ ಹೀಗಿದೆ: ಮೊದಲು ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸಬೇಕು. ನಿಮ್ಮ ಲ್ಯಾಪ್‌ಟಾಪ್ ಅದನ್ನು ಪರೀಕ್ಷಿಸಿ, ಇದು ನಮ್ಮ ಕಾಲೇಜಿಂದೇ ಅಂತ ಖಾತ್ರಿಯಾದ ಮೇಲೆ ಗೂಢಲಿಪಿಯ ಸುರಂಗ ಕಟ್ಟಿ, ಅದರೊಳಗೆ ಪಾಸ್‌ವರ್ಡಿನ ವ್ಯವಹಾರ ನಡೆಸಬೇಕು. ‘ಡು ನಾಟ್ ವ್ಯಾಲಿಡೇಟ್’ ಅಂದರೆ ಏನು? ಯಾರ ಸರ್ಟಿಫಿಕೇಟ್ ಆದರೂ ಸರಿ, ಸುರಂಗ ಕಟ್ಟು. ಸುರಂಗವೇನೋ ಗಟ್ಟಿಯಾಗೇ ಇರುತ್ತೆ, ಆದರೆ ಅದರ ಆ ಕಡೆ ಕೂತಿರೋನು ಕಳ್ಳ.

ಒಳಗೆ ಪಾಸ್‌ವರ್ಡ್ ನೇರವಾಗಿ ಹೋಗಲ್ಲವಲ್ಲ, ಎಂಎಸ್‌ಚಾಪ್ ವಿ2 ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದರಲ್ಲಿ ಸರ್ವರ್ ಒಂದು ಸವಾಲು ಕೊಡುತ್ತೆ, ನಿಮ್ಮ ಯಂತ್ರ ಪಾಸ್‌ವರ್ಡ್ ಗೊತ್ತಿದ್ದರೆ ಮಾತ್ರ ಹೇಳಬಹುದಾದ ಉತ್ತರ ಕೊಡುತ್ತೆ. ಪಾಸ್‌ವರ್ಡನ್ನು ಹ್ಯಾಶ್ ಮಾಡಿದಾಗ ಬರೋದು 16 ಬೈಟ್. ಅದನ್ನು 7, 7, 2 ಅಂತ ಮೂರು ತುಂಡು ಮಾಡಿ, ಮೂರು ಡಿಇಎಸ್ ಕೀಗಳಾಗಿ ಬಳಸಿ, ಒಂದೇ ಸವಾಲನ್ನು ಮೂರು ಸಲ ಎನ್‌ಕ್ರಿಪ್ಟ್ ಮಾಡಿ ಕಳಿಸ್ತಾರೆ. ಮೂರನೇ ತುಂಡಿನಲ್ಲಿ ಇರೋದು ಎರಡೇ ಬೈಟ್, ಉಳಿದದ್ದು ಸೊನ್ನೆ. 65,536 ಸಲ ಪ್ರಯತ್ನಿಸಿದರೆ ಸಿಕ್ತು, ಕಣ್ಣು ಮಿಟುಕಿಸೋದರೊಳಗೆ ಆಗುತ್ತೆ. ಉಳಿದ ಎರಡೂ ತುಂಡು ಎನ್‌ಕ್ರಿಪ್ಟ್ ಮಾಡೋದು ಒಂದೇ ಸವಾಲನ್ನಾದ್ದರಿಂದ, 2ರ ಘಾತ 56ರಷ್ಟು, ಅಂದರೆ ಸುಮಾರು 720 ಕೋಟಿ ಕೋಟಿ ಕೀಗಳನ್ನು ಒಂದೇ ಸುತ್ತಿನಲ್ಲಿ ಹುಡುಕಿದರೆ ಎರಡೂ ಸಿಗುತ್ತವೆ. 2012ರ ಡೆಫ್‌ಕಾನ್ ಸಮ್ಮೇಳನದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಇದನ್ನೇ ತೋರಿಸಿದರು. ಎಫ್‌ಪಿಜಿಎಗಳ ಯಂತ್ರದಲ್ಲಿ ಒಂದು ದಿನದೊಳಗೆ ಮುಗಿಯುವ ಕೆಲಸ ಅದು. ಇಲ್ಲಿ ಗಮನಿಸಬೇಕಾದ್ದು, ನಿಮ್ಮ ಪಾಸ್‌ವರ್ಡ್ ಎಂಟು ಅಕ್ಷರವೋ ಮೂವತ್ತು ಅಕ್ಷರವೋ ಅನ್ನೋದು ಈ ಲೆಕ್ಕಕ್ಕೆ ಬರೋದೇ ಇಲ್ಲ. ಹುಡುಕ್ತಿರೋದು ಹ್ಯಾಶನ್ನು, ಮತ್ತು ಎಂಎಸ್‌ಚಾಪ್‌ಗೆ ಲಾಗಿನ್ ಆಗೋಕೆ ಹ್ಯಾಶೇ ಸಾಕು. ಇನ್ನು ಪಾಸ್‌ವರ್ಡ್ ಊರ ಹೆಸರು ಪ್ಲಸ್ ಹುಟ್ಟಿದ ವರ್ಷ ಆಗಿದ್ದರೆ ಇಷ್ಟೆಲ್ಲ ಕಷ್ಟವೂ ಬೇಡ, ಪದಪಟ್ಟಿ ಹಿಡಿದು ಸಾಧಾರಣ ಗೇಮಿಂಗ್ ಲ್ಯಾಪ್‌ಟಾಪೇ ತೆಗೆದುಕೊಡುತ್ತೆ.

ಎಂಎಸ್‌ಚಾಪ್ ಬಿಟ್ಟು ಟಿಟಿಎಲ್‌ಎಸ್ ಜೊತೆಗೆ ಪ್ಯಾಪ್ ಬಳಸುವ ಕಾಲೇಜುಗಳೂ ಇವೆ. ಅಲ್ಲಿ ಸುರಂಗದೊಳಗೆ ಪಾಸ್‌ವರ್ಡ್ ಇದ್ದದ್ದು ಇದ್ದ ಹಾಗೇ ಹೋಗುತ್ತೆ. ಸರ್ಟಿಫಿಕೇಟ್ ಪರೀಕ್ಷೆ ಸರಿಯಾಗಿದ್ದರೆ ಅದೇನೂ ಅಪರಾಧವಲ್ಲ. ಪರೀಕ್ಷೆ ಇಲ್ಲದಿದ್ದರೆ ಕಳ್ಳನಿಗೆ ಹುಡುಕೋ ಕೆಲಸವೂ ಉಳಿಯಲ್ಲ.

ಗೂಗಲ್‌ನವರಿಗೂ ಇದು ಸಾಕಾಗಿ, 2020ರ ಡಿಸೆಂಬರಿನಲ್ಲಿ ಆಂಡ್ರಾಯ್ಡ್ 11ರ ಅಪ್‌ಡೇಟ್ ಜೊತೆಗೆ ಪಿಕ್ಸೆಲ್ ಫೋನುಗಳಿಂದ ‘ಡು ನಾಟ್ ವ್ಯಾಲಿಡೇಟ್’ ಆಯ್ಕೆಯನ್ನೇ ತೆಗೆದರು. ಆಗ ಎಷ್ಟೋ ಕ್ಯಾಂಪಸ್ಸುಗಳಲ್ಲಿ ‘ಹೊಸ ಫೋನಲ್ಲಿ ವೈ-ಫೈ ಬರ್ತಿಲ್ಲ’ ಅಂತ ಗಲಾಟೆ. ಫೋನು ಸರಿಯಾಗಿಯೇ ಇತ್ತು.

ಹಾಗಾದರೆ ಸರಿಯಾಗಿ ಸೇರೋದು ಹೇಗೆ

ನೆಟ್‌ವರ್ಕ್ ಆಫೀಸಿನಲ್ಲಿ ಎರಡು ವಿಷಯ ಕೇಳಿ ಬರೆದುಕೊಳ್ಳಿ: ರೇಡಿಯಸ್ ಸರ್ವರಿನ ಪೂರ್ತಿ ಹೆಸರು, ಮತ್ತು ಅದರ ಸರ್ಟಿಫಿಕೇಟಿಗೆ ಸಹಿ ಹಾಕಿದ ಸಿಎ ಯಾವುದು. ಕೌಂಟರಿನಲ್ಲಿ ಕೂತವರು ‘ಅದೆಲ್ಲಾ ಯಾಕೆ, ಡು ನಾಟ್ ವ್ಯಾಲಿಡೇಟ್ ಹಾಕ್ಕೊಳ್ಳಪ್ಪ’ ಅನ್ನಬಹುದು. ಬೇಜಾರು ಮಾಡ್ಕೊಳ್ಳದೆ, ‘ಸರ್, ನೆಟ್‌ವರ್ಕ್ ನೋಡಿಕೊಳ್ಳೋ ಎಂಜಿನಿಯರ್ ಹತ್ರ ಒಂದ್ನಿಮಿಷ ಮಾತಾಡಬಹುದಾ’ ಅಂತ ಕೇಳಿ. ಆ ಎಂಜಿನಿಯರ್‌ಗೆ ಇದು ಗೊತ್ತಿರುತ್ತೆ, ಕೇಳಿದವರು ಒಬ್ಬರಾದರೂ ಬಂದರಲ್ಲ ಅಂತ ಖುಷಿಯೂ ಆಗಬಹುದು.

ವಿಂಡೋಸ್‌ನಲ್ಲಿ ಸುಮ್ಮನೆ ವೈ-ಫೈ ಹೆಸರಿನ ಮೇಲೆ ಕ್ಲಿಕ್ ಮಾಡಿ ಸೇರಿದರೆ, ಈ ಜಾಗದಲ್ಲಿ ಈ ನೆಟ್‌ವರ್ಕ್ ಇರುತ್ತೆ ಅಂತ ನಿಮಗೆ ಗೊತ್ತಿದ್ದರೆ ಮುಂದುವರಿಯಿರಿ, ಇಲ್ಲದಿದ್ದರೆ ಅದೇ ಹೆಸರಿನ ಬೇರೆ ನೆಟ್‌ವರ್ಕ್ ಇರಬಹುದು ಅನ್ನೋ ಅರ್ಥದ ಒಂದು ಸಂದೇಶ ಬರುತ್ತೆ. ಎಲ್ಲರೂ ಓದದೆ ಕನೆಕ್ಟ್ ಒತ್ತೋ ಜಾಗ ಅದೇ. ಅಲ್ಲೇ ಕೆಳಗೆ ಸರ್ಟಿಫಿಕೇಟ್ ವಿವರ ತೋರಿಸು ಅಂತ ಒಂದು ಲಿಂಕ್ ಇದೆ, ಒತ್ತಿದರೆ ಬರುವ ಥಂಬ್‌ಪ್ರಿಂಟನ್ನು ಕಾಲೇಜು ಕೊಟ್ಟ ಥಂಬ್‌ಪ್ರಿಂಟಿಗೆ ತಾಳೆ ನೋಡಿ. ಇನ್ನೂ ಒಳ್ಳೇದು ಕಂಟ್ರೋಲ್ ಪ್ಯಾನಲ್‌ನ ನೆಟ್‌ವರ್ಕ್ ಆಂಡ್ ಶೇರಿಂಗ್ ಸೆಂಟರ್‌ಗೆ ಹೋಗಿ ವೈರ್‌ಲೆಸ್ ನೆಟ್‌ವರ್ಕನ್ನು ಕೈಯಾರೆ ಸೇರಿಸೋದು. ಭದ್ರತೆಯ ವಿಧ ಡಬ್ಲ್ಯೂಪಿಎ2 ಎಂಟರ್‌ಪ್ರೈಸ್ ಇಟ್ಟು, ಪೀಪ್‌ನ ಸೆಟಿಂಗ್ಸ್ ತೆರೆದು, ಸರ್ವರಿನ ಗುರುತನ್ನು ಸರ್ಟಿಫಿಕೇಟಿನಿಂದ ಪರೀಕ್ಷಿಸು ಅನ್ನೋದಕ್ಕೆ ಟಿಕ್ ಹಾಕಿ, ಸರ್ವರ್ ಹೆಸರು ಬರೆದು, ಪಟ್ಟಿಯಲ್ಲಿ ಆ ಒಂದು ಸಿಎಯನ್ನು ಮಾತ್ರ ಆರಿಸಿ. ಹೊಸ ಸರ್ವರ್ ಬಂದರೆ ಬಳಕೆದಾರನನ್ನು ಕೇಳಬೇಡ ಅನ್ನುವ ಟಿಕ್ ಕೂಡ ಅಲ್ಲೇ ಇದೆ. ಅದನ್ನು ಹಾಕಿಬಿಟ್ಟರೆ ರಾತ್ರಿ ಎರಡು ಗಂಟೆಗೆ ಅಸೈನ್‌ಮೆಂಟ್ ಅಪ್‌ಲೋಡ್ ಮಾಡೋ ಅವಸರದಲ್ಲಿ ತಪ್ಪು ಬಟನ್ ಒತ್ತೋ ಪ್ರಮೇಯವೇ ಬರಲ್ಲ.

ಸರ್ವರ್ ಹೆಸರು ಬರೆಯೋದನ್ನು ಮಾತ್ರ ಬಿಡಬೇಡಿ. ಕಾಲೇಜು ಬಳಸೋದು ಸಾರ್ವಜನಿಕ ಸಿಎ ಆದರೆ, ಬರೀ ಸಿಎ ಪರೀಕ್ಷೆ ಸಾಲದು: ಕಳ್ಳ ತನ್ನ ಸ್ವಂತ ಡೊಮೈನಿಗೆ ಅದೇ ಸಿಎಯಿಂದ ಸರ್ಟಿಫಿಕೇಟ್ ತಂದಿರಬಹುದು. ಅದು ಅಸಲಿ ಸರ್ಟಿಫಿಕೇಟೇ, ಆದರೆ ಬೇರೆಯವರ ಹೆಸರಿನದು. ಆಂಡ್ರಾಯ್ಡಿನಲ್ಲಿ ಡೊಮೈನ್ ಅನ್ನೋ ಖಾನೆ ಇರೋದು ಇದಕ್ಕೇ. ಸಿಎ ಸರ್ಟಿಫಿಕೇಟ್ ಅನ್ನುವಲ್ಲಿ ಸಿಸ್ಟಮ್ ಸರ್ಟಿಫಿಕೇಟ್ ಬಳಸು ಅಂತಿಟ್ಟು, ಡೊಮೈನಿನಲ್ಲಿ ಕಾಲೇಜಿನ ಹೆಸರು ಹಾಕಿ. ಉಬುಂಟುವಿನಲ್ಲಿ ‘ಸಿಎ ಸರ್ಟಿಫಿಕೇಟ್ ಬೇಕಾಗಿಲ್ಲ’ ಅನ್ನೋ ಅರ್ಥದ ಚೆಕ್‌ಬಾಕ್ಸ್ ಒಂದಿದೆ. ಅದೂ ಅದೇ ಜಾತಿಯದು, ಖಾಲಿ ಬಿಡಿ.

ನಿಮ್ಮ ಕ್ಯಾಂಪಸ್ಸಿನಲ್ಲಿ ಎಡುರೋಮ್ ಇದ್ದರೆ ಅದೃಷ್ಟ. 2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕ್ಲಾಸ್ ವಿರೆಂಗಾ ಅನ್ನೋರು ಕೊಟ್ಟ ಐಡಿಯಾ ಇದು: ಯಾವ ಕ್ಯಾಂಪಸ್ಸಿಗೆ ಹೋದರೂ ನಿಮ್ಮ ಸ್ವಂತ ಕಾಲೇಜಿನ ಲಾಗಿನ್ನಿನಲ್ಲೇ ವೈ-ಫೈ. ಭಾರತದಲ್ಲಿ ಇದನ್ನು ನೋಡಿಕೊಳ್ಳೋದು ಅರ್ನೆಟ್ ಇಂಡಿಯಾ. ಬೆಂಗಳೂರಿನ ಐಐಎಸ್‌ಸಿಗೆ ವರ್ಕ್‌ಶಾಪಿಗೆ ಹೋದರೆ ಅಲ್ಲಿನ ರೇಡಿಯಸ್ ನಿಮ್ಮ ಯೂಸರ್‌ನೇಮಿನ ಕೊನೆಯ ಡೊಮೈನ್ ನೋಡಿ ವಿಚಾರಣೆಯನ್ನು ನಿಮ್ಮ ಕಾಲೇಜಿಗೆ ಕಳಿಸುತ್ತೆ. ಸುರಂಗ ನಿಮ್ಮ ಲ್ಯಾಪ್‌ಟಾಪಿಗೂ ನಿಮ್ಮ ಕಾಲೇಜಿಗೂ ನಡುವೆ, ನಡುವಿನವರಿಗೆ ಪಾಸ್‌ವರ್ಡ್ ಕಾಣಲ್ಲ. ಮತ್ತೆ ಅದೇ ಷರತ್ತು: ಸರ್ಟಿಫಿಕೇಟ್ ಪರೀಕ್ಷೆ ಆನ್ ಇದ್ದರೆ. ಎಡುರೋಮ್‌ನವರದೇ ಕ್ಯಾಟ್ ಅನ್ನೋ ಇನ್‌ಸ್ಟಾಲರ್ ಇದೆ, ಮೇಲೆ ಹೇಳಿದ ಅಷ್ಟೂ ಟಿಕ್‌ಗಳನ್ನು ತಾನೇ ಹಾಕುತ್ತೆ. ಕಾಲೇಜು ಅದರಲ್ಲಿ ತನ್ನ ವಿವರ ತುಂಬಿದ್ದರೆ ಸೆಟಿಂಗ್ಸ್ ಮುಟ್ಟೋದೇ ಬೇಡ.

ಪೋರ್ಟಲ್ ಇರುವ ಕಡೆ

ಎಲ್ಲ ಹಾಸ್ಟೆಲಿನಲ್ಲೂ 802.1ಎಕ್ಸ್ ಇರಲ್ಲ. ಎಷ್ಟೋ ಕಡೆ ವೈ-ಫೈ ಬೀಗವೇ ಇಲ್ಲದೆ ತೆರೆದಿರುತ್ತೆ, ಸೇರಿದ ಮೇಲೆ ಬ್ರೌಸರಿನಲ್ಲಿ ಫೈರ್‌ವಾಲಿನ ಲಾಗಿನ್ ಪುಟ. ಇಲ್ಲಿ ಗಾಳಿಯಲ್ಲಿ ಹೋಗೋ ಮಾತಿಗೆ ವೈ-ಫೈ ಕಡೆಯಿಂದ ಯಾವ ಮುಸುಕೂ ಇಲ್ಲ. ಆ ಪುಟದ ವಿಳಾಸ ಎಚ್‌ಟಿಟಿಪಿಎಸ್ ಅಲ್ಲದೆ ಬರೀ ಎಚ್‌ಟಿಟಿಪಿ ಆಗಿದ್ದರೆ ಪಕ್ಕದ ರೂಮಿನವನಿಗೆ ನಿಮ್ಮ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಕಾಣುತ್ತೆ. ನನ್ನ ಪ್ರಕಾರ ಇಂಥ ಕಡೆ ಮಾಡಬೇಕಾದ ಒಂದೇ ಕೆಲಸ, ಪೋರ್ಟಲಿನ ಪಾಸ್‌ವರ್ಡ್ ಬೇರೆ ಎಲ್ಲೂ ಬಳಸದ ಪಾಸ್‌ವರ್ಡ್ ಆಗಿರೋ ಹಾಗೆ ನೋಡ್ಕೊಳ್ಳೋದು. ಹೋದರೆ ಅದೊಂದೇ ಹೋಗಲಿ.

ಕೆಲವು ಕಡೆ ಇನ್ನೊಂದು ಸೂಚನೆ ಇರುತ್ತೆ: ‘ಈ ಸರ್ಟಿಫಿಕೇಟನ್ನು ಟ್ರಸ್ಟೆಡ್ ರೂಟ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಇಲ್ಲದಿದ್ದರೆ ಸೈಟ್‌ಗಳು ತೆರೆಯಲ್ಲ.’ ಮೇಲೆ ಹೇಳಿದ ರೇಡಿಯಸ್ ಸರ್ಟಿಫಿಕೇಟಿಗೂ ಇದಕ್ಕೂ ಗೊಂದಲ ಮಾಡ್ಕೋಬೇಡಿ. ರೇಡಿಯಸ್ಸಿನದು ವೈ-ಫೈ ಸೇರುವ ಕ್ಷಣಕ್ಕೆ. ಇದು ಫೈರ್‌ವಾಲಿನದು, ಒಮ್ಮೆ ಹಾಕಿದರೆ ಎಚ್‌ಟಿಟಿಪಿಎಸ್ ಸೈಟುಗಳ ಸಂಚಾರವನ್ನೂ ಫೈರ್‌ವಾಲ್ ಬಿಚ್ಚಿ, ಓದಿ, ಮತ್ತೆ ಮುಚ್ಚಿ ಕಳಿಸಬಹುದು. ವೈರಸ್ ತಡೆಯೋಕೆ ಅಂತ ಕಾರಣ ಕೊಡ್ತಾರೆ, ಅದರಲ್ಲಿ ಸತ್ಯವೂ ಇದೆ. ಆದರೆ ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಹಾಕೋ ಮುಂಚೆ ಅದು ಯಾವುದಕ್ಕೆ, ಬ್ಯಾಂಕಿನ ಸೈಟುಗಳನ್ನು ಬಿಟ್ಟಿದ್ದಾರಾ ಅಂತ ಕೇಳೋ ಹಕ್ಕು ನಿಮಗಿದೆ. ಹಾಕಲೇಬೇಕಾದರೆ ಬ್ಯಾಂಕು, ಯುಪಿಐ ಎಲ್ಲಾ ಮೊಬೈಲ್ ಡೇಟಾದಲ್ಲಿ ಮಾಡಿ. ಆಂಡ್ರಾಯ್ಡಿನಲ್ಲಿ ಸರ್ಟಿಫಿಕೇಟ್ ಹಾಕುವಾಗ ‘ವೈ-ಫೈ ಸರ್ಟಿಫಿಕೇಟ್’ ಬೇರೆ, ‘ಸಿಎ ಸರ್ಟಿಫಿಕೇಟ್’ ಬೇರೆ ಅಂತ ಆಯ್ಕೆ ಇದೆ. ರೇಡಿಯಸ್ಸಿನದಾದರೆ ಮೊದಲನೆಯದು ಸಾಕು.

ಮ್ಯಾಕ್ ಅಡ್ರೆಸ್ ಬರೆದುಕೊಡಿ ಅಂತ ಫಾರ್ಮ್ ಕೊಡುವ ಹಾಸ್ಟೆಲ್ಲುಗಳೂ ಇವೆ. ಅದು ಗುರುತೇ ಹೊರತು ಬೀಗ ಅಲ್ಲ: ಎನ್‌ಕ್ರಿಪ್ಟ್ ಆದ ಫ್ರೇಮಿನಲ್ಲೂ ಮ್ಯಾಕ್ ಅಡ್ರೆಸ್ ಬರಿಗಣ್ಣಿಗೆ ಕಾಣುತ್ತೆ, ಯಾರು ಬೇಕಾದರೂ ನಕಲು ಮಾಡಬಹುದು. ಫಾರ್ಮ್ ತುಂಬುವಾಗ ವೈ-ಫೈ, ಎತರ್ನೆಟ್, ಬ್ಲೂಟೂತ್ ಮೂರಕ್ಕೂ ಬೇರೆ ಬೇರೆ ಅಡ್ರೆಸ್ ಇರುತ್ತೆ ಅನ್ನೋದು ನೆನಪಿರಲಿ. ಆಂಡ್ರಾಯ್ಡ್ 10ರಿಂದ, ಐಒಎಸ್ 14ರಿಂದ ಫೋನುಗಳು ಸುಳ್ಳು ಮ್ಯಾಕ್ ಅಡ್ರೆಸ್ ತೋರಿಸ್ತವೆ. ಹಾಸ್ಟೆಲ್ ನೆಟ್‌ವರ್ಕಿಗೆ ಮಾತ್ರ ಅದನ್ನು ಆಫ್ ಮಾಡಿ, ರೈಲ್ವೆ ಸ್ಟೇಷನ್ನು, ಮಾಲ್ ಕಡೆ ಆನ್ ಇರಲಿ.

ಸೇರಿದ ಮೇಲೆ ಒಳಗಿನ ಕಥೆ

ನೆಟ್‌ವರ್ಕಿಗೆ ಸೇರಿದ ಮೇಲೆ ನಿಮ್ಮ ನೆರೆಹೊರೆಯಲ್ಲಿ ನೂರಾರು ಯಂತ್ರಗಳು. ಅದರಲ್ಲಿ ಎಷ್ಟು ವೈರಸ್ ಹಿಡಿದವು, ಎಷ್ಟು ಕ್ರ್ಯಾಕ್ ಹಾಕಿದ ವಿಂಡೋಸ್, ಯಾರಿಗೆ ಗೊತ್ತು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಅನ್ನೋ ವರ್ಮ್ ಹರಡಿದಾಗ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ರಜೆ ಮುಗಿಸಿ ವಿದ್ಯಾರ್ಥಿಗಳು ವಾಪಸ್ ಬರುವ ಹೊತ್ತು. ಮನೆಯಿಂದ ಸೋಂಕು ಹೊತ್ತು ತಂದ ಯಂತ್ರಗಳನ್ನು ಹಾಸ್ಟೆಲ್ಲಿನ ಪೋರ್ಟಿಗೆ ಚುಚ್ಚಿದ ತಕ್ಷಣ ಪಕ್ಕದವಕ್ಕೂ ಹರಡಿತು. ಮೈಕ್ರೋಸಾಫ್ಟ್ ಅದಕ್ಕೆ ಪ್ಯಾಚ್ ಕೊಟ್ಟಿದ್ದು ಜುಲೈನಲ್ಲೇ. ಅಪ್‌ಡೇಟ್ ಆಗದ ಯಂತ್ರವನ್ನು ಒಳಗೇ ಬಿಡದ ವ್ಯವಸ್ಥೆಗಳು ಕ್ಯಾಂಪಸ್ಸುಗಳಲ್ಲಿ ಬಂದದ್ದು ಅದಾದ ಮೇಲೆ. 2017ರ ಮೇ 12ರಂದು ಶುರುವಾದ ವಾನಾಕ್ರೈ ಕೂಡ ಅದೇ ಕಥೆ: ಪ್ಯಾಚ್ ಬಂದದ್ದು ಮಾರ್ಚಿನಲ್ಲಿ, ಹರಡಿದ್ದು ಫೈಲ್ ಶೇರಿಂಗಿನ 445ನೇ ಪೋರ್ಟಿನಿಂದ.

ಅದಕ್ಕೇ ವಿಂಡೋಸ್ ‘ಪಬ್ಲಿಕ್ಕೋ ಪ್ರೈವೇಟೋ’ ಅಂತ ಕೇಳಿದಾಗ ಪಬ್ಲಿಕ್ ಆರಿಸಿ. ಹೆಸರು ಕೇಳಿ ಎಷ್ಟೋ ಜನ ಉಲ್ಟಾ ತಿಳ್ಕೊಂಡಿದ್ದಾರೆ, ಪಬ್ಲಿಕ್ ಅಂದರೆ ನನ್ನ ಲ್ಯಾಪ್‌ಟಾಪ್ ಎಲ್ಲರಿಗೂ ತೆರೆದದ್ದು ಅಂತ. ಹಾಗಲ್ಲ, ನಾನು ಸಾರ್ವಜನಿಕ ಜಾಗದಲ್ಲಿದ್ದೀನಿ, ಬಾಗಿಲು ಹಾಕ್ಕೋ ಅಂತ ಅರ್ಥ.

ಫೈರ್‌ವಾಲ್ ಆಫ್ ಆಗೋದು ಬಹುತೇಕ ಲ್ಯಾನ್ ಗೇಮಿನ ರಾತ್ರಿ. ಸರ್ವರ್ ಕಾಣ್ತಿಲ್ಲ ಅಂದ ಕೂಡಲೇ ಯಾರೋ ‘ಫೈರ್‌ವಾಲ್ ಆಫ್ ಮಾಡೋ’ ಅಂತಾರೆ, ಆಟ ಮುಗಿದ ಮೇಲೆ ಆನ್ ಮಾಡೋ ಅಂತ ಯಾರೂ ಹೇಳಲ್ಲ. ಫೈರ್‌ವಾಲಿನಲ್ಲಿ ಆ ಒಂದು ಗೇಮಿಗೆ ಮಾತ್ರ ಅನುಮತಿ ಕೊಡೋಕೆ ಆಗುತ್ತೆ, ಎರಡು ನಿಮಿಷದ ಕೆಲಸ.

ನಮ್ಮಂಥ ಓದುವವರಿಗೆ ಇನ್ನೊಂದು ಅಪಾಯ ಪ್ರಾಜೆಕ್ಟಿನಿಂದಲೇ. ಫ್ಲಾಸ್ಕ್ ಆಪ್ ಫೋನಿನಲ್ಲಿ ತೆರೆದು ನೋಡೋಣ ಅಂತ ಹೋಸ್ಟನ್ನು 0.0.0.0 ಮಾಡ್ತೀವಿ, ಡೀಬಗ್ ಮೋಡೂ ಆನ್. ಈಗ ಅದು ಇಡೀ ಹಾಸ್ಟೆಲ್ಲಿಗೆ ತೆರೆದಿದೆ, ಎರರ್ ಪುಟದಲ್ಲಿ ಪೈಥಾನ್ ಕೋಡ್ ಓಡಿಸೋ ಕನ್ಸೋಲ್ ಇದೆ, ಕಾವಲಿಗೆ ಒಂದು ಪಿನ್ ಮಾತ್ರ. ಪೈಥಾನಿನ ಒಂದು ಸಾಲಿನ ಎಚ್‌ಟಿಟಿಪಿ ಸರ್ವರ್ ಕೂಡ ಬೇರೆ ಹೇಳದಿದ್ದರೆ ಎಲ್ಲರಿಗೂ ತೆರೆದುಕೊಳ್ಳುತ್ತೆ, ನೀವು ನಿಂತ ಫೋಲ್ಡರಿನ ಸಮೇತ. ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯೂ ಹಾಕಿದ್ದೀನಿ ಅಂತ ನಿಶ್ಚಿಂತೆಯಿಂದ ಇರುವವರು ಗಮನಿಸಿ: ಡಾಕರ್ ಹೊರಗೆ ಬಿಟ್ಟ ಪೋರ್ಟುಗಳು ಆ ನಿಯಮಗಳನ್ನು ದಾಟಿ ಹೋಗ್ತವೆ. ಪೋರ್ಟಿನ ಮುಂದೆ 127.0.0.1 ಸೇರಿಸಿದರೆ ನಿಮ್ಮ ಯಂತ್ರದೊಳಗೇ ಉಳಿಯುತ್ತೆ. ಮೈಎಸ್‌ಕ್ಯೂಎಲ್‌ನ ರೂಟ್ ಪಾಸ್‌ವರ್ಡ್ ‘ರೂಟ್’ ಇದ್ದರೂ ಆಗ ಅಷ್ಟು ಚಿಂತೆ ಇಲ್ಲ.

ಗೋಡೆಯ ಲ್ಯಾನ್ ಪೋರ್ಟಿಗೆ ಸ್ವಂತ ರೂಟರ್ ಸಿಕ್ಕಿಸೋರಿಗೂ ಒಂದು ಮಾತು. ವ್ಯಾನ್ ಅಂತಿರೋ ತೂತಿನ ಬದಲು ಲ್ಯಾನ್ ತೂತಿಗೆ ಕೇಬಲ್ ಹಾಕಿದರೆ ನಿಮ್ಮ ರೂಟರ್ ಇಡೀ ವಿಂಗಿಗೆ ಐಪಿ ಹಂಚೋಕೆ ಶುರು ಮಾಡುತ್ತೆ. ಡಿಎಚ್‌ಸಿಪಿಯಲ್ಲಿ ಸಾಮಾನ್ಯವಾಗಿ ಮೊದಲು ಉತ್ತರ ಕೊಟ್ಟವನದೇ ಗೆಲುವು, ಹತ್ತಿರ ಇರೋದು ನಿಮ್ಮದೇ. ಹಾಸ್ಟೆಲ್ಲಿನ ಐಪಿ 10ರಿಂದ ಶುರುವಾಗಬೇಕಾದ ಕಡೆ ಇದ್ದಕ್ಕಿದ್ದ ಹಾಗೆ 192.168 ಬಂದು ನೆಟ್ ಹೋಯ್ತು ಅಂದರೆ ಯಾರದೋ ರೂಮಿನಲ್ಲಿ ಇದೇ ಆಗಿದೆ. ಅಲೆಯುವ ಮುಂಚೆ ಗೇಟ್‌ವೇ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ನೋಡಿ, ಎಷ್ಟೋ ಸಲ ರೂಟರಿನ ಕಂಪನಿ ಹೆಸರು ಅಲ್ಲೇ ಕಾಣುತ್ತೆ. ಬಾಗಿಲು ತಟ್ಟೋ ಕೆಲಸ ಕಡಿಮೆಯಾಗುತ್ತೆ. ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದ್ದರೆ ಈ ತಾಪತ್ರಯವೇ ಇರಲ್ಲ. ಮೆಸ್ ಕಮಿಟಿಯ ಹಾಗೆ ನೆಟ್‌ವರ್ಕಿಗೂ ವಿದ್ಯಾರ್ಥಿ ಪ್ರತಿನಿಧಿ ಇದ್ದರೆ ಇದನ್ನು ಮೀಟಿಂಗಿನಲ್ಲಿ ಕೇಳಿ.

‘ಲೋ ಮಗಾ, ನನ್ ಡೇಟಾ ಖಾಲಿ, ನಿನ್ ಲಾಗಿನ್ ಕೊಡೋ’ ಅನ್ನೋ ಗೆಳೆಯನಿಗೆ ಏನು ಹೇಳೋದು? ಫೈರ್‌ವಾಲಿನ ಲಾಗ್‌ನಲ್ಲಿ ಬೀಳೋದು ನಿಮ್ಮ ಯುಎಸ್‌ಎನ್. ಅವನು ಏನು ಡೌನ್‌ಲೋಡ್ ಮಾಡಿದರೂ, ಯಾರಿಗೆ ಏನು ಬರೆದರೂ ಮೊದಲು ಕರೆಯೋದು ನಿಮ್ಮನ್ನು. ಕೇಳದೆ ಬೇರೆಯವರ ಪಾಸ್‌ವರ್ಡ್ ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ನಕಲಿ ವೈ-ಫೈ ಮಾಡಿ ತಮಾಷೆ ನೋಡೋಣ ಅಂದುಕೊಂಡ ಪ್ರತಿಭಾವಂತರೂ ಈ ಸಾಲು ಓದಿಕೊಳ್ಳಿ. ಪ್ರಯೋಗ ಮಾಡೋ ಆಸೆ ಇದ್ದರೆ ಸ್ವಂತ ಹಳೇ ರೂಟರ್, ಸ್ವಂತ ಎರಡು ಫೋನ್ ಇಟ್ಟುಕೊಂಡು, ಬೇರೆ ಹೆಸರಿನ ನೆಟ್‌ವರ್ಕಿನಲ್ಲಿ ಮಾಡಿ, ಕಲಿಯೋದು ಅಷ್ಟೇ ಇರುತ್ತೆ.

ಆಗಲೇ ‘ಡು ನಾಟ್ ವ್ಯಾಲಿಡೇಟ್’ ಹಾಕಿ ಒಂದೆರಡು ವರ್ಷ ಕಳೆದಿರೋರು ಮೊದಲು ಫೋನು, ಲ್ಯಾಪ್‌ಟಾಪು, ಟ್ಯಾಬು ಎಲ್ಲದರಲ್ಲೂ ಆ ನೆಟ್‌ವರ್ಕನ್ನು ಫರ್ಗೆಟ್ ಮಾಡಿ. ನಂತರ ಕಾಲೇಜ್ ಮೇಲ್‌ನ ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ಲಾಗಿನ್ ಆನ್ ಮಾಡಿ, ಆಮೇಲೆ ಹೊಸದಾಗಿ ಸೇರಿಸಿ. ಈ ಕ್ರಮ ತಿರುಗಿಸಬೇಡಿ: ಪಾಸ್‌ವರ್ಡ್ ಮೊದಲು ಬದಲಾಯಿಸಿದರೆ ಹಳೇ ಪ್ರೊಫೈಲು ಪಾಸ್‌ವರ್ಡ್ ತಪ್ಪು ಅಂತ ಮತ್ತೆ ಕೇಳುತ್ತೆ, ನೀವು ಹೊಸದನ್ನು ಅದೇ ಪರೀಕ್ಷೆ ಇಲ್ಲದ ಪ್ರೊಫೈಲಿಗೆ ತುಂಬಿಬಿಡ್ತೀರಿ. ಮೇಲ್‌ಬಾಕ್ಸಿನ ಸೆಟಿಂಗ್ಸಿನಲ್ಲಿ ಫಾರ್ವರ್ಡಿಂಗ್ ಅನ್ನೋ ಕಡೆ ನಿಮಗೆ ಗೊತ್ತಿಲ್ಲದ ವಿಳಾಸ ಏನಾದರೂ ಇದೆಯಾ ಅಂತಲೂ ಒಮ್ಮೆ ನೋಡಿ.